ನೈಟ್ ಹಾಲ್ಟ್

"ಅಮ್ಮಾ ಸಾಕು, ಉರಿಯುತ್ತೆ!"

"ಉರಿಯಲಿ. ಕೊಳೆ ಹೋಗ್ಬೇಕಾ ಬೇಡ್ವಾ?"

ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ರಾತ್ರಿ ಬಸ್ಸು ಓಡಿಸಿ ಬಂದಿದ್ದ ಡ್ರೈವರ್ ಹಾಸಿಗೆಯಲ್ಲಿದ್ದುಕೊಂಡೇ ಒಂದು ಕಣ್ಣು ಬಿಟ್ಟು ನೋಡಿದ. ಹೆಂಡತಿ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು, ಒಂದು ಕೈಯಲ್ಲಿ ಮಗಳ ತಲೆ ಬಗ್ಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಕುತ್ತಿಗೆಯ ಹಿಂಭಾಗವನ್ನು ನಾರಿನಿಂದ ತಿಕ್ಕುತ್ತಿದ್ದಳು. ತಳ ಹಿಡಿದ ಪಾತ್ರೆ ಉಜ್ಜುವಾಗಿನ ಹಟವೇ ಅವಳ ಮುಖದಲ್ಲಿತ್ತು. ಮಗಳ ಕುತ್ತಿಗೆಯ ಮಡಿಕೆಯಲ್ಲಿ ಕಪ್ಪು ಪಟ್ಟಿಯೊಂದು ಕೂತುಬಿಟ್ಟಿತ್ತು. ಸೋಪು, ಬಿಸಿನೀರು, ನಿಂಬೆ ಸಿಪ್ಪೆ ಯಾವುದಕ್ಕೂ ಅದು ಜಗ್ಗಿರಲಿಲ್ಲ. ಹಿಂದಿನ ದಿನ ಶಾಲೆಯಲ್ಲಿ ಟೀಚರು ಎಲ್ಲರೆದುರು "ಸ್ನಾನ ಮಾಡ್ಕೊಂಡು ಬಾ" ಎಂದಿದ್ದರಂತೆ.

"ಬಿಡೇ, ಚರ್ಮ ಕಿತ್ತು ಬರುತ್ತೆ" ಎಂದ ಡ್ರೈವರ್.

"ನಿಮಗೇನು, ಮಲಗಿದಲ್ಲೇ ಹೇಳ್ತೀರಿ. ಮಗೂನ ತೊಳೆಯೋಕೂ ಬರಲ್ವಾ ಆ ತಾಯಿಗೆ ಅಂತ ಅನ್ನಿಸಿಕೊಳ್ಳೋಳು ನಾನು."

ಹುಟ್ಟಿದಾಗ ಅಂಗೈ ತುಂಬ ಇರಲಿಲ್ಲವೆಂದು ಮಗಳನ್ನು ಗುಬ್ಬಿ ಎಂದು ಕರೆದವನು ಅವನೇ. ಈಗ ನಾಲ್ಕನೇ ಕ್ಲಾಸಿನ ಗುಬ್ಬಿಗೆ ಏಳನೇ ಕ್ಲಾಸಿನವರ ಅಳತೆಯ ಸಮವಸ್ತ್ರ ಬೇಕು. ಹೆಸರು ಮಾತ್ರ ಹಾಗೇ ಉಳಿದಿತ್ತು. ಅದನ್ನು ಶಾಲೆಯ ಹತ್ತಿರ ಕೂಗಬಾರದು ಎಂದು ಅವಳು ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದಳು.

ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೊರಟಳು. ಟವೆಲು ಸುತ್ತಿಕೊಂಡು ಗೋಡೆಗೆ ಒರಗಿ ನಿಂತ ಮಗಳು ನಿಂತಲ್ಲೇ ತೂಕಡಿಸುತ್ತಿದ್ದಳು. ಕುತ್ತಿಗೆ ಕೆಂಪಾಗಿ ಅಲ್ಲಲ್ಲಿ ರಕ್ತ ಜಿನುಗಿತ್ತು. ಕಪ್ಪು ಇದ್ದಲ್ಲೇ ಇತ್ತು. ಡ್ರೈವರ್ ಎದ್ದು ಪ್ಯಾಂಟು ಹಾಕಿಕೊಂಡ. "ಇವತ್ತು ಶಾಲೆ ಬೇಡ. ನಡಿ, ಡಾಕ್ಟರ ಹತ್ರ ಹೋಗೋಣ" ಎಂದ.

ಆಸ್ಪತ್ರೆಯ ಡಾಕ್ಟರಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕುತ್ತಿಗೆ ನೋಡಿದರು. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯನ್ನು ಗಾಯವಿಲ್ಲದ ಕಡೆ ಒತ್ತಿ ಎಳೆದು ಡ್ರೈವರನ ಮುಂದೆ ಹಿಡಿದರು. ಹತ್ತಿ ಬೆಳ್ಳಗೇ ಇತ್ತು.

"ಕೊಳೆ ಆಗಿದ್ರೆ ಹತ್ತಿಗೆ ಬರ್ಬೇಕಿತ್ತು, ಅಲ್ವಾ? ಇದು ಹೊರಗಿಂದ ಬಂದಿದ್ದಲ್ಲ, ಒಳಗಿಂದ ಬಂದಿದ್ದು. ಇನ್ಮೇಲೆ ತಿಕ್ಕಬೇಡಿ. ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ?"

"ನಂಗಿದೆ, ಮೇಡಂ. ನಮ್ಮಪ್ಪಂಗೂ ಇತ್ತು."

ಅಪ್ಪನ ವಿಷಯವನ್ನು ಅವನು ಮುಂದುವರಿಸಲಿಲ್ಲ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಕೊನೆಯಲ್ಲಿ ಉಳಿದ ಅಪ್ಪನನ್ನು ಎತ್ತಿ ಕೂರಿಸುವುದಕ್ಕೆ ಎರಡನೆಯವರು ಬೇಕಾಗಿರಲಿಲ್ಲ.

ಮಗಳ ರಕ್ತ ತೆಗೆದರು, ಸೊಂಟ ಅಳೆದರು, ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಗುಬ್ಬಿ ಯಂತ್ರದ ಮುಳ್ಳನ್ನು ನೋಡದೆ ಗೋಡೆಯ ಮೇಲಿದ್ದ ಹಲ್ಲುಜ್ಜುವ ಮಗುವಿನ ಚಿತ್ರವನ್ನೇ ನೋಡುತ್ತ ನಿಂತಳು. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು ಬಂದಾಗ ಡಾಕ್ಟರಮ್ಮ ಅಪ್ಪ ಮಗಳಿಬ್ಬರನ್ನೂ ಎದುರು ಕೂರಿಸಿಕೊಂಡರು.

"ಕಾಯಿಲೆ ಇನ್ನೂ ಬಂದಿಲ್ಲ. ಆದರೆ ಹೊಸ್ತಿಲ ಹತ್ರ ನಿಂತಿದೆ. ಒಳಗೆ ಕರೀಬೇಡಿ. ಏನು ತಿಂತೀಯಮ್ಮ ದಿನಾ?"

ಡ್ರೈವರ್ ಕೂಡಲೇ ಬಾಯಿ ಹಾಕಿದ. "ನಮ್ಮನೇಲಿ ಹೊರಗಿನ ತಿಂಡಿ ತರೋದೇ ಇಲ್ಲ ಮೇಡಂ. ಎಲ್ಲಾ ಮನೇದೇ."

"ಇರ್ಲಿ, ಅವಳು ಹೇಳ್ಲಿ. ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ?"

ಗುಬ್ಬಿ ಅಪ್ಪನ ಮುಖ ನೋಡಿದಳು. "ಅಪ್ಪ ಬಂದು ಊಟ ಆದ ಮೇಲೆ" ಎಂದಳು.

"ಅಪ್ಪ ಎಷ್ಟೊತ್ತಿಗೆ ಬರ್ತಾರೆ?"

ಅವನ ಬಸ್ಸು ಡಿಪೋ ಸೇರುವುದು ಹತ್ತು ದಾಟಿದ ಮೇಲೆ. ಮನೆ ಮುಟ್ಟುವಾಗ ಹನ್ನೊಂದರ ಹತ್ತಿರ. ಊಟ, ಮಾತು, ಹಾಸಿಗೆ ಎನ್ನುವಷ್ಟರಲ್ಲಿ ಹನ್ನೆರಡು. ಬೆಳಿಗ್ಗೆ ಆರೂವರೆಗೆ ಮಗಳನ್ನು ಎಬ್ಬಿಸಲೇಬೇಕು. ಡಾಕ್ಟರಮ್ಮ ಬೆರಳು ಮಡಚಿ ಲೆಕ್ಕ ಹಾಕಲಿಲ್ಲ, ಬರೇ ತಲೆಯಾಡಿಸಿದರು.

"ನೋಡಿ, ನಿದ್ದೆ ಒಂದೇ ಕಾರಣ ಅಂತ ನಾನು ಹೇಳಲ್ಲ. ನಿಮ್ಮ ರಕ್ತದಲ್ಲೇ ಇದೆ, ಆಟ ಕಡಿಮೆ ಇರಬಹುದು, ಊಟಾನೂ ನೋಡ್ಬೇಕು. ಆದರೆ ಬೆಳೆಯೋ ಮಕ್ಕಳು ನಿದ್ದೆಗೆಟ್ರೆ ಮೈಗೆ ತಲೆಕೆಡುತ್ತೆ. ಹೊಟ್ಟೆ ತುಂಬಿದ್ರೂ ಹಸಿವು ಅನ್ನುತ್ತೆ. ತಿಂದಿದ್ದನ್ನ ಸರಿಯಾಗಿ ಬಳಸಿಕೊಳ್ಳಲ್ಲ, ಕೂಡಿಡುತ್ತೆ. ನಿಮ್ಮಲ್ಲಂತೂ ಮೊದಲೇ ಕಾಯಿಲೆಯ ದಾರಿ ಇದೆ. ಒಂಬತ್ತಕ್ಕೆ ದೀಪ ಆರಬೇಕು. ಸಂಜೆ ಓಡಾಡಿ ಆಡ್ಲಿ. ಔಷಧಿ ಇಲ್ಲ, ಇಷ್ಟೇ."

"ಒಂಬತ್ತಾ?" ಎಂದಳು ಗುಬ್ಬಿ. ಅವಳ ಕಣ್ಣು ತುಂಬಿ ಬಂತು.

ಅವಳು ಅತ್ತಿದ್ದು ಯಾಕೆಂದು ಡಾಕ್ಟರಮ್ಮನಿಗೆ ತಿಳಿಯಲಿಲ್ಲ, ಅಪ್ಪನಿಗೆ ತಿಳಿಯಿತು. ಆ ಮನೆಯಲ್ಲಿ ಬೆಳಿಗ್ಗೆ ಎನ್ನುವುದು ಬರೀ ಕೂಗಾಟ. ಹೆಂಡತಿ ಹೊರಡುವ ಗಡಿಬಿಡಿ, ಮಗಳ ತೂಕಡಿಕೆ, ಅವನ ಅರೆನಿದ್ದೆ. ಹೆಂಡತಿ ಮನೆಗೆ ಬರುವುದು ಅವನು ಡ್ಯೂಟಿಗೆ ಹೋದ ಎಷ್ಟೋ ಹೊತ್ತಿನ ಮೇಲೆ. ಅವಳ ವಾರದ ರಜೆ ಭಾನುವಾರ, ಅವನದು ಮಂಗಳವಾರ. ಆ ದಿನಗಳನ್ನು ಬಿಟ್ಟರೆ ಮೂವರೂ ಎಚ್ಚರವಿದ್ದು ಒಟ್ಟಿಗೆ ಕೂರುವ ಹೊತ್ತು ರಾತ್ರಿ ಹನ್ನೊಂದರಿಂದ ಹನ್ನೆರಡು. ಅಷ್ಟು ಹೊತ್ತು ಅದು ಒಂದು ಮನೆ. ಅವನು ಆವತ್ತಿನ ಪ್ರಯಾಣಿಕರ ತರಹ ಮಾತಾಡಿ ತೋರಿಸುತ್ತಿದ್ದ. ಕೋಳಿ ಹಿಡಿದುಕೊಂಡು ಹತ್ತಿ, ಕೋಳಿಗೆ ಅರ್ಧ ಟಿಕೆಟ್ಟಾ ಪೂರ್ತಿಯಾ ಎಂದು ಕೇಳಿದವನು. ಇಳಿಯುವ ಸ್ಟಾಪು ಮರೆತು ಡ್ರೈವರನಿಗೇ ಬೈದ ಅಜ್ಜಿ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಗುಬ್ಬಿ ಅಪ್ಪನ ತೊಡೆಗೆ ಒರಗಿ, ಅವನ ತಟ್ಟೆಯಿಂದಲೇ ಇನ್ನೆರಡು ತುತ್ತು ತಿನ್ನುತ್ತಿದ್ದಳು.

ಆ ರಾತ್ರಿ ಅವನು ಡಾಕ್ಟರು ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದ. ಕೊಳೆಯಲ್ಲವಂತೆ ಎಂದಾಗ ಅವಳು ಎದ್ದು ಹಾಸಿಗೆಯ ಹತ್ತಿರ ಹೋದಳು. ಮಲಗಿದ್ದ ಮಗಳ ಕೂದಲು ಸರಿಸಿ ಕುತ್ತಿಗೆಯನ್ನು ಬಹಳ ಹೊತ್ತು ನೋಡಿದಳು. ಮರುದಿನ ಬಚ್ಚಲಿನಲ್ಲಿ ನಾರು ಇರಲಿಲ್ಲ.

ಡ್ರೈವರ್ ಮೊದಲು ಹೋಗಿದ್ದು ಡಿಪೋದಲ್ಲಿ ಡ್ಯೂಟಿ ಹಂಚುವ ಗುಮಾಸ್ತನ ಹತ್ತಿರ. "ಸಾರ್, ನಂಗೆ ಬೆಳಗಿನ ಪಾಳಿ ಬೇಕು" ಎಂದ.

ಗುಮಾಸ್ತ ಟೀ ಲೋಟ ಕೆಳಗಿಟ್ಟ. "ಬೆಳಗಿನ ಪಾಳಿ ಏನಪ್ಪಾ, ನಮ್ಮ ತಾತನ ಆಸ್ತೀನಾ ನಾನು ಹಂಚೋಕೆ? ಹಿರಿತನದ ಮೇಲೆ ಸಿಗುತ್ತೆ."

"ಎಷ್ಟು ವರ್ಷ ಆಗಬಹುದು?"

"ನಿನ್ನ ಮಗಳಿಗೆ ಮಗಳು ಹುಟ್ಟೋಷ್ಟರಲ್ಲಿ ಸಿಕ್ಕೇ ಸಿಗುತ್ತೆ, ಯೋಚನೆ ಮಾಡ್ಬೇಡ." ಪಕ್ಕದಲ್ಲಿದ್ದವರು ನಕ್ಕರು. ಗುಮಾಸ್ತನಿಗೆ ತಾನು ಹೆಚ್ಚಾಡಿದೆ ಅನ್ನಿಸಿರಬೇಕು, ದನಿ ತಗ್ಗಿಸಿದ. "ಇನ್ನೊಂದು ದಾರಿ ಇದೆ. ವರ್ಷದ ಮೆಡಿಕಲ್ ಟೆಸ್ಟಲ್ಲಿ ಫೇಲಾಗು. ನಿಂಗೆ ಸಕ್ಕರೆ ಇದೆಯಲ್ಲ, ಮಾತ್ರೆ ಬಿಟ್ರೆ ಸಾಕು. ಸ್ಟೇರಿಂಗ್ ಬಿಡಿಸಿ ಬಸ್ ತೊಳೆಯೋಕೆ ಹಾಕ್ತಾರೆ. ಅದು ಬೆಳಗಿನ ಕೆಲಸ."

ಅದು ತಮಾಷೆ ಎಂದು ಗೊತ್ತಿದ್ದೂ ಡ್ರೈವರ್ ಒಂದು ಕ್ಷಣ ಅದನ್ನು ನಿಜವಾಗಿಯೇ ಯೋಚಿಸಿದ.

ಬೆಳಗಿನ ಪಾಳಿಯ ಉದ್ದಣ್ಣನನ್ನು ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳಿದ. ಬಸ್ಸಿನ ಸೂರಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ, ಬೆನ್ನು ಬಗ್ಗಿಸಿ ಅವನ ಕಣ್ಣಿಗೆ ಕಣ್ಣಿಟ್ಟು ಹೇಳಿದ. "ನನ್ನ ಹೆಂಡ್ತಿ ರಾತ್ರಿ ಪಾಳಿ ನರ್ಸು ಮಾರಾಯ. ಸಂಜೆ ನಾನು ಮನೇಲಿರದಿದ್ರೆ ಎರಡು ಸಣ್ಣವನ್ನ ಯಾರು ನೋಡ್ತಾರೆ? ಬೇರೆ ಏನಾದ್ರೂ ಕೇಳು, ಕೊಡ್ತೀನಿ." ಅವನ ಬಳಿ ಕೇಳುವಂಥದ್ದು ಬೇರೇನೂ ಇರಲಿಲ್ಲ.

ಅವನ ಬಸ್ಸಿನ ಕಂಡಕ್ಟರ್ ಅಕ್ಕನಿಗೆ ನಿವೃತ್ತಿ ಹತ್ತಿರವಾಗಿತ್ತು. ಕೊನೆಯ ಟ್ರಿಪ್ಪಿನಲ್ಲಿ ಜನ ಇಳಿದು ಖಾಲಿಯಾದ ಮೇಲೆ ಅವಳು ಮುಂದೆ ಬಂದು ಎಂಜಿನ್ ಮುಚ್ಚಳದ ಪಕ್ಕ ಕೂರುವುದು ರೂಢಿ.

"ಮುಖ ಯಾಕೋ ತಮ್ಮಾ ಪಂಕ್ಚರ್ ಆಗಿದೆ?"

ಅವನು ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು ಚೀಲದ ದಾರ ಬಿಗಿದಳು. "ನನ್ನ ಮಗ ಬೆಳೆದಿದ್ದನ್ನ ನಾನು ಮಲಗಿದಾಗಲೇ ನೋಡಿದ್ದು. ಕಾಲು ಚಾಪೆಯಿಂದ ಎಷ್ಟು ಆಚೆ ಬಂದಿದೆ ಅಂತ ನೋಡಿ, ಓ ಉದ್ದ ಆದ ಅಂದ್ಕೊಳ್ತಿದ್ದೆ. ಈಗ ಎದುರು ನಿಂತ್ರೆ ಯಾರೋ ಗಂಡಸು ಅನ್ನಿಸುತ್ತೆ." ಅವಳು ನಕ್ಕಳು. "ಆದ್ರೂ ಆರೋಗ್ಯವಾಗಿದ್ದಾನಪ್ಪ, ಕಲ್ಲುಗುಂಡು."

ಒಂಬತ್ತಕ್ಕೆ ದೀಪ ಆರಿಸುವುದು ಶುರುವಾಯಿತು. ಹೆಂಡತಿ ಕಾರ್ಖಾನೆಯಿಂದ ಬಂದವಳೇ ಒಲೆ ಹಚ್ಚಿ, ಮಗಳನ್ನು ಕೆಳಗಿನ ಬಯಲಿಗೆ ಆಡಲು ಅಟ್ಟಿ, ಉಣ್ಣಿಸಿ, ಹಾಸಿಗೆ ಹಾಸುತ್ತಿದ್ದಳು. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಹೊರಬಾಗಿಲು ತೆರೆಯುವುದೇ ಗುಬ್ಬಿಯ ಹಾಸಿಗೆಯ ಪಕ್ಕಕ್ಕೆ. ಡ್ರೈವರ್ ಶೂ ಕೈಯಲ್ಲಿ ಹಿಡಿದು ಬಾಗಿಲು ತಳ್ಳಿದರೆ ಕತ್ತಲೆಯಿಂದ "ಅಪ್ಪಾ!" ಎಂಬ ದನಿ ಬರುತ್ತಿತ್ತು. ನಿದ್ದೆಯಿಂದ ಎದ್ದವರ ದನಿಯಲ್ಲ ಅದು.

"ಇನ್ನೂ ಮಲಗಿಲ್ವಾ?" ಎಂದು ಗದರುತ್ತಿದ್ದ. ಗದರುವಾಗ ತುಟಿಯ ಅಂಚು ಮೇಲೇರುವುದು ಕತ್ತಲಲ್ಲಿ ಯಾರಿಗೆ ಕಾಣಬೇಕು? ದೀಪ ಹತ್ತುತ್ತಿತ್ತು, ತಟ್ಟೆಗಳು ಬರುತ್ತಿದ್ದವು, ಕೋಳಿಯವನ ಕತೆ ಮುಂದುವರಿಯುತ್ತಿತ್ತು. ಒಂದು ದಿನ ಕತ್ತಲಿಂದ ದನಿ ಬರಲಿಲ್ಲ. ಡ್ರೈವರ್ ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಕೆಮ್ಮಿದ. "ಅಪ್ಪಾ?" ಎಂದಳು ಗುಬ್ಬಿ.

ಮರುದಿನವೂ ಮೆಟ್ಟಿಲು ಹತ್ತುವಾಗ ಕೆಮ್ಮು ಬಂತು.

"ಆ ಕೆಮ್ಮು ಯಾವಾಗ ಶುರುವಾಯ್ತು ರೀ ನಿಮಗೆ?" ಎಂದಳು ಹೆಂಡತಿ ಅಡುಗೆಮನೆಯಲ್ಲಿ, ಮೆಲ್ಲಗೆ. "ಹಗಲು ಹೊತ್ತು ಬರಲ್ವಲ್ಲ ಅದು?"

ಅವನು ನೀರು ಕುಡಿದ.

"ನಂಗೂ ನೀವಿಬ್ರೂ ಕೂತು ನಗೋದು ಬೇಕು. ಬೇಡ ಅಂತೀನಾ? ಆದ್ರೆ ಒಂಬತ್ತಕ್ಕೆ ಹೆದರಿಸಿ ಮಲಗಿಸೋಳು ನಾನು, ಹನ್ನೊಂದಕ್ಕೆ ಮುದ್ದು ಮಾಡೋರು ನೀವು. ಅವಳ ಕಣ್ಣಿಗೆ ನಾನು ರಾಕ್ಷಸಿ."

ಇರುವೆಗಳು ಬಂದದ್ದು ಆ ಭಾನುವಾರ. ಗೋಡೆಯ ಬಿರುಕಿನಿಂದ ಹೊರಟ ಸಾಲು ನೆಲ ದಾಟಿ, ಗುಬ್ಬಿಯ ಹಾಸಿಗೆಯ ಅಂಚು ಹತ್ತಿ, ದಿಂಬಿನ ಕವರಿನೊಳಗೆ ನುಗ್ಗುತ್ತಿತ್ತು. ಹೆಂಡತಿ ದಿಂಬು ಕೊಡವಿದಳು. ಬಿಸ್ಕತ್ತಿನ ಪುಡಿ, ಶೇಂಗಾ ಸಿಪ್ಪೆ, ಅರ್ಧ ಕಡಿದ ಬೆಲ್ಲದ ತುಂಡು ನೆಲಕ್ಕೆ ಉದುರಿದವು. ಡ್ರೈವರ್ ಡ್ಯೂಟಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಕದ್ದು ತಿಂತೀಯಾ?" ಹೆಂಡತಿಯ ಕೈ ಮೇಲೆದ್ದಿತು. "ಹೊಟ್ಟೆ ತುಂಬ ಉಣ್ಣಿಸಿ ಮಲಗಿಸ್ತೀನಲ್ಲೇ! ಅಷ್ಟು ಹಸಿವಾ ನಿಂಗೆ?"

"ಹಸಿವಿಗಲ್ಲ" ಎಂದಳು ಗುಬ್ಬಿ, ಗೋಡೆಗೆ ಅಂಟಿಕೊಂಡು.

"ಮತ್ತೆ?"

"ನಿದ್ದೆ ಬರಬಾರ್ದು ಅಂತ."

ಹೆಂಡತಿಯ ಕೈ ಹಾಗೇ ನಿಂತಿತು.

"ಅಪ್ಪಾ, ನೀನೇ ಹೇಳಿದ್ಯಲ್ಲ. ದವಡೆ ಆಡ್ತಿದ್ರೆ ರೆಪ್ಪೆ ಮುಚ್ಚಲ್ಲ ಅಂತ. ಒಂದೊಂದೇ, ನಿಧಾನಕ್ಕೆ ತಿನ್ಬೇಕು ಅಂತ. ನಾನೂ ಹಾಗೇ ಮಾಡಿದೆ. ನೀನು ಬರೋವರೆಗೂ ಆಗುತ್ತೆ, ಲೆಕ್ಕ ಇಟ್ಕೊಂಡಿದ್ದೆ."

ಹೌದು, ಅವನೇ ಹೇಳಿದ್ದ. ಶಾಲೆಯ ರಜೆಯಲ್ಲಿ ಅವಳು ಎಂಜಿನ್ ಮುಚ್ಚಳದ ಪಕ್ಕ ಕೂತು ಅವನೊಂದಿಗೆ ಕೊನೆಯ ಟ್ರಿಪ್ಪಿಗೆ ಬಂದಿದ್ದಳು. ಅಂಗಿಯ ಜೇಬಿನಿಂದ ಶೇಂಗಾ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ, ಇದು ಡ್ರೈವರುಗಳ ವಿದ್ಯೆ, ಯಾರಿಗೂ ಹೇಳಬೇಡ ಎಂದು ಕಣ್ಣು ಮಿಟುಕಿಸಿದ್ದ. ಡಿಪೋದಲ್ಲಿ ರಾತ್ರಿ ಓಡಿಸುವ ಪ್ರತಿಯೊಬ್ಬನ ಜೇಬಿನಲ್ಲೂ ಏನಾದರೊಂದು ಇದ್ದೇ ಇರುತ್ತದೆ. ಅವನಿಗೆ ಅದನ್ನು ಕಲಿಸಿದವನು ಅವನ ಅಪ್ಪ. ಅಪ್ಪನೂ ಡ್ರೈವರೇ ಆಗಿದ್ದ.

ಡ್ರೈವರ್ ಜೇಬು ಮುಟ್ಟಿ ನೋಡಿಕೊಂಡ. ಆವತ್ತಿನ ಶೇಂಗಾ ಆಗಲೇ ತುಂಬಿಕೊಂಡಿತ್ತು. ಮಗಳ ಎದುರು ಅದನ್ನು ತೆಗೆದಿಡುವುದಕ್ಕೂ ಆಗಲಿಲ್ಲ, ಇಟ್ಟುಕೊಂಡು ನಿಲ್ಲುವುದಕ್ಕೂ ಆಗಲಿಲ್ಲ. ಅವನು ಬೇಗ ಬೇಗ ಮೆಟ್ಟಿಲಿಳಿದು ಹೋದ.

ಮಂಗಳವಾರದ ರಜೆಯಲ್ಲಿ ಅವನು ಮಗಳನ್ನು ಶಾಲೆಯಿಂದ ಕರೆತರುವಾಗ, ತೀರಾ ಸಹಜವಾಗಿ, ದಾರಿಯ ಕಲ್ಲೊಂದನ್ನು ಒದೆಯುತ್ತ ಹೇಳಿದ. "ನಾಳೆಯಿಂದ ನಂಗೆ ನೈಟ್ ಹಾಲ್ಟ್ ಬಸ್ಸು, ಗುಬ್ಬಿ."

"ಹಾಗಂದ್ರೆ?"

"ರಾತ್ರಿ ಬಸ್ಸು ಕೊನೇ ಊರಲ್ಲೇ ನಿಲ್ಲುತ್ತೆ. ನಾನೂ ಅಲ್ಲೇ ಮಲಗ್ತೀನಿ. ಬೆಳಿಗ್ಗೆ ಮೊದಲನೇ ಟ್ರಿಪ್ಪು ಹೊಡ್ಕೊಂಡು ಬರ್ತೀನಿ. ನೀನು ಏಳೋ ಹೊತ್ತಿಗೆ ಮನೇಲಿರ್ತೀನಿ."

ಗುಬ್ಬಿ ನಿಂತುಬಿಟ್ಟಳು. "ದಿನಾನಾ?"

"ದಿನಾ."

"ಬೇಡ ಅಂತ ಹೇಳೋಕಾಗಲ್ವಾ?"

"ಆಗಲ್ಲ ಮಗಾ" ಎಂದ. ಆ ಒಂದು ಮಾತು ಮಾತ್ರ ನಿಜವಾಗಿತ್ತು.

ಹೆಂಡತಿಗೆ ಇದು ಸರಿ ಬರಲಿಲ್ಲ. "ಮಗೂಗೆ ಸುಳ್ಳು ಹೇಳೋದಾ?" ಎಂದಳು.

"ನಾನು ಬರ್ತೀನಿ ಅಂತ ಗೊತ್ತಿರೋವರೆಗೂ ಅವಳು ಕಾಯ್ತಾಳೆ. ಬರಲ್ಲ ಅಂತ ಗೊತ್ತಾದ್ರೆ ಮಲಗ್ತಾಳೆ. ನಿಂಗೆ ಬೇರೆ ದಾರಿ ಕಾಣುತ್ತಾ, ಹೇಳು."

ಮರುದಿನ ಅವಳು ಬಾಗಿಲ ತಿರುಗಣಿಗಳಿಗೆ ಎಣ್ಣೆ ಬಿಟ್ಟಳು.

ಅಂದಿನಿಂದ ಡ್ರೈವರ್ ತನ್ನ ಮನೆಗೇ ಕಳ್ಳನಂತೆ ಬರತೊಡಗಿದ. ಹೆಂಡತಿ ಅಗುಳಿ ಹಾಕದೆ ಕಾಯುತ್ತಿದ್ದಳು. ಅವನು ಉಸಿರು ಬಿಗಿಹಿಡಿದು ಮಗಳ ಕಾಲಬಳಿಯಿಂದ ದಾಟಿ ಅಡುಗೆಮನೆ ಸೇರುತ್ತಿದ್ದ. ಗಂಡ ಹೆಂಡತಿ ಚಮಚದ ಸದ್ದೂ ಆಗದಂತೆ ಉಣ್ಣುತ್ತಿದ್ದರು. ಹೇಳುವುದಕ್ಕೆ ಕತೆಗಳಿರುತ್ತಿದ್ದವು, ಆದರೆ ಪಿಸುಮಾತಿನಲ್ಲಿ ನಗೆ ಹುಟ್ಟುವುದಿಲ್ಲ. ಒಲೆಯ ಪಕ್ಕದ ಚಾಪೆಯಲ್ಲಿ, ಗೋಡೆಯಿಂದ ಗೋಡೆಗೆ ಉದ್ದ ಸಾಲದೆ ಕಾಲು ಮಡಚಿಕೊಂಡು ಅವನು ಮಲಗುತ್ತಿದ್ದ. ಬೆಳಿಗ್ಗೆ ಆರಕ್ಕೆ ಹೆಂಡತಿ ಅಲ್ಲಾಡಿಸಿದರೆ ಎದ್ದು, ಚಾಪೆ ಸುತ್ತಿಟ್ಟು, ಸಮವಸ್ತ್ರ ಹಾಕಿ, ಚೀಲ ಹೆಗಲಿಗೇರಿಸಿ ಕೆಳಗಿಳಿದು ನಿಲ್ಲುತ್ತಿದ್ದ. ಹಾಲಿನವನು ಮೊದಲ ದಿನ "ಜಗಳಾನಾ ಅಣ್ಣಾ?" ಎಂದು ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ.

ಮೇಲಿನ ದೀಪ ಹತ್ತಿದೊಡನೆ ಹತ್ತಿ ಹೋಗಿ ಬಾಗಿಲು ಬಡಿಯುತ್ತಿದ್ದ. ಗುಬ್ಬಿ ಓಡಿ ಬಂದು ತೆರೆಯುತ್ತಿದ್ದಳು. ಹಿಂದೆಲ್ಲ ಆ ಹೊತ್ತಿಗೆ ಅವಳ ಕಣ್ಣು ಅಂಟಿಕೊಂಡಿರುತ್ತಿತ್ತು. ಈಗ ತೊಳೆದಿಟ್ಟ ಹಾಗಿತ್ತು. ಆ ಊರು ಹೇಗಿದೆ, ಎಲ್ಲಿ ಮಲಗುತ್ತೀಯ, ಸೊಳ್ಳೆ ಇದೆಯಾ ಎಂದೆಲ್ಲ ಕೇಳುವಳು. ಅವನು ಇಲ್ಲದ ಊರಿಗೆ ಒಂದು ಕೆರೆ ಕಟ್ಟಿದ, ಒಂದು ಟೀ ಅಂಗಡಿ ಇಟ್ಟ, ಬಸ್ಸಿನ ಕೆಳಗೆ ಮಲಗುವ ಒಂದು ಕುಂಟು ನಾಯಿಯನ್ನು ಸಾಕಿದ. ಒಮ್ಮೆ ಹುಟ್ಟಿದ ನಾಯಿಯನ್ನು ಬಿಡುವುದು ಸಾಧ್ಯವಾಗಲಿಲ್ಲ. ದಿನಾ ಅದಕ್ಕೆ ಏನಾದರೂ ಆಗಲೇಬೇಕಿತ್ತು. ಮಗಳು ಶಾಲೆಗೆ ಹೋದ ಮೇಲೆ ಅವನು ಬಿದ್ದುಕೊಂಡರೆ ನಿದ್ದೆಗಿಂತ ಮೊದಲು ನಾಳಿನ ನಾಯಿಯ ಯೋಚನೆ ಬರುತ್ತಿತ್ತು.

ಡಾಕ್ಟರಮ್ಮ ಮತ್ತೆ ತೂಕ ನೋಡಿದರು. ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. "ಬೆಳೆಯೋ ಹುಡುಗಿ ಏರದೆ ನಿಂತಿದ್ದಾಳೆ ಅಂದ್ರೆ ಒಳ್ಳೇದೇ. ಕುತ್ತಿಗೆ ತಿಳಿಯಾಗೋಕೆ ಕಾಲ ಬೇಕು. ಹೀಗೇ ನಡೆಸಿಕೊಂಡು ಹೋಗಿ" ಎಂದರು.

"ಎಷ್ಟು ದಿನ ಮೇಡಂ?"

"ದಿನ ಏನು ಬಂತು? ಅವಳು ಬೆಳೆಯೋವರೆಗೂ" ಎಂದರು ಅವರು, ಮುಂದಿನ ಮಗುವನ್ನು ಕರೆಯುತ್ತ.

ಒಂದು ಬೆಳಿಗ್ಗೆ ಹೆಂಡತಿ ಅಲ್ಲಾಡಿಸಿದಾಗ ಅವನಿಗೆ ಎಚ್ಚರವಾಗಲಿಲ್ಲ. ಹಿಂದಿನ ರಾತ್ರಿ ಬಸ್ಸು ಕೆಟ್ಟು ಡಿಪೋ ಸೇರುವುದೇ ತಡವಾಗಿತ್ತು. ಎರಡನೆಯ ಸಲ ಅವಳು ಕಿವಿಯ ಹತ್ತಿರ ಬಾಗಿ "ರೀ, ಎದ್ಳು! ಬಚ್ಚಲಿಗೆ ಹೋದ್ಳು!" ಎಂದಾಗ ಗಾಬರಿಯಿಂದ ಎದ್ದ. ಅಂಗಿಯೊಳಗೆ ಕೈ ತೂರಿಸಿಕೊಳ್ಳುತ್ತ, ಚೀಲ, ಶೂ ಎಳೆದುಕೊಂಡು, ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿನ ಮರೆಯಲ್ಲಿ ಹೊರಗೆ ಹಾರಿ ಬಾಗಿಲೆಳೆದುಕೊಂಡ. ಅರ್ಧ ಮೆಟ್ಟಿಲಿಳಿದು, ಶೂ ಹಾಕಿಕೊಂಡು, ಗೋಡೆಗೆ ಕೈಯಿಟ್ಟು ಏದುಸಿರು ತಹಬಂದಿಗೆ ತಂದುಕೊಂಡ. ಆಮೇಲೆ ಹತ್ತಿ ಬಂದು ಬಾಗಿಲು ಬಡಿದ.

ಗುಬ್ಬಿ ತೆರೆದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಪ್ಪ ಬಂದ!" ಎಂದು ಒಳಗೆ ಕೂಗಿ ಅವನ ಚೀಲಕ್ಕೆ ಕೈ ಹಾಕಿದಳು. ಆ ಕೈ ಹಾಗೇ ನಿಂತಿತು. ಅವಳು ಅವನ ಕೆನ್ನೆಯನ್ನು ನೋಡುತ್ತಿದ್ದಳು. ಅವನು ಕೆನ್ನೆ ಸವರಿಕೊಂಡ. ದಿಂಬಿನ ಅಂಚಿನ ಹೊಲಿಗೆ ಕಣ್ಣಿನ ಕೆಳಗಿಂದ ಗಲ್ಲದವರೆಗೆ ಅಚ್ಚೊತ್ತಿರುವುದು ಬೆರಳಿಗೆ ಸಿಕ್ಕಿತು.

"ನಾಯಿ ಹೇಗಿದೆ?" ಎಂದಳು ಗುಬ್ಬಿ.

"ಹಾಂ... ಚೆನ್ನಾಗಿದೆ. ನಿನ್ನೆ ಮಳೆ ಬಂತಲ್ಲಿ. ಬಸ್ಸಿನೊಳಗೇ ಬಂದು ಮಲಗಿತ್ತು."

"ಹೌದಾ" ಎಂದಳು. ಚೀಲವನ್ನು ಮೂಲೆಯಲ್ಲಿಟ್ಟು, "ಇರು, ನೀರು ತರ್ತೀನಿ" ಎಂದು ಅಡುಗೆಮನೆಯ ಕಡೆ ನಡೆದಳು.

ಅವನು ಶೂ ಬಿಚ್ಚಲು ಬಗ್ಗಿದವನು ತಲೆಯೆತ್ತಿ ನೋಡಿದ. ಗಡಿಬಿಡಿಯಲ್ಲಿ ಅವನು ಅಡುಗೆಮನೆಯ ಚಾಪೆ ಸುತ್ತಿಟ್ಟಿರಲಿಲ್ಲ. ಹೆಂಡತಿ ಆಗಲೇ ಬಚ್ಚಲಿಗೆ ಹೋಗಿದ್ದಳು. ಗುಬ್ಬಿ ಅಡುಗೆಮನೆಯ ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದಳು, ಒಳಗೆ ಹೋಗದೆ, ಹಿಂದೆ ತಿರುಗದೆ. ಶೂವಿನ ದಾರ ಅವನ ಬೆರಳುಗಳ ನಡುವೆ ಉಳಿಯಿತು.

ಅವಳು ಒಳಗೆ ಹೋದಳು. ಚಾಪೆ ಸುತ್ತುವ ಸದ್ದು ಕೇಳಿಸಿತು. ದೊಡ್ಡವರು ಸುತ್ತುವಂತೆ ಒಂದೇ ಎಳೆತಕ್ಕಲ್ಲ, ತಡೆದು ತಡೆದು. ಆಮೇಲೆ ಹೂಜಿಯಿಂದ ನೀರು ಬಗ್ಗಿಸುವ ಸದ್ದು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದವಳು ಹಿಮ್ಮಡಿಯಿಂದ ಅಡುಗೆಮನೆಯ ಬಾಗಿಲನ್ನು ಎಳೆದುಕೊಂಡಳು.

"ಕುಡಿ ಅಪ್ಪಾ. ಅಷ್ಟು ದೂರದಿಂದ ಬಂದಿದ್ದೀಯ."

ಡ್ರೈವರ್ ಲೋಟ ತೆಗೆದುಕೊಂಡ. ಒಂದು ಕಾಲಿನಲ್ಲಿ ಶೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಹಾಗೇ ನಿಂತು, ದೂರದಿಂದ ಬಂದವರು ಕುಡಿಯುವಂತೆ, ಉಸಿರು ತೆಗೆಯದೆ ಅಷ್ಟೂ ನೀರನ್ನು ಕುಡಿದ.